ಗೋಡೆಯೊಳಗಿನ ಅಂಗನವಾಡಿ

ಓದದೆಯೂ ಕಾವ್ಯವನ್ನರಿಯಬಲ್ಲ ಜನರೆಂದು ಕನ್ನಡಿಗರನ್ನು ಹೊಗಳಿದ ‘ಕವಿರಾಜಮಾರ್ಗ’ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ್ದು ಮಳಖೇಡದಿಂದ ಆಳಿದ ನೃಪತುಂಗನ ಆಸ್ಥಾನದಲ್ಲಿ. ಇಂದು ಮೂರು ವರ್ಷದ ಮಗುವಿಗೂ ಅಕ್ಷರ ತಿದ್ದಿಸುವುದೇ ಕಲಿಕೆಯೆಂದು ನಾವು ನಂಬಿದ್ದೇವೆ!

1975ರಲ್ಲಿ ಐಸಿಡಿಎಸ್ ಆರಂಭವಾದಾಗ ಶಾಲಾಪೂರ್ವ ಶಿಕ್ಷಣವೂ ಅದರ ಸೇವೆಗಳಲ್ಲೊಂದಾಗಿತ್ತು. ಆದರೆ ಊಟ, ತೂಕ, ಗರ್ಭಿಣಿಯರ ಪಟ್ಟಿಗಳ ನಡುವೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಮಕ್ಕಳನ್ನು ಹೊರಗೆ ಕರೆದೊಯ್ಯುವುದೆಂತು? ಸಿಮೆಂಟ್ ಲಾರಿಗಳು ಓಡುವ ರಸ್ತೆಯಲ್ಲಿ ಇಬ್ಬರೇ ಸಾಲದು.

ಕೋಟೆ, ಕಾಗಿಣಾ ನದಿ, ತೊಗರಿ ಹೊಲ, ಪರ್ಸಿ ಕಲ್ಲು ಇವೆಲ್ಲ ಪಾಠಗಳಲ್ಲವೇ? ಎಣಿಕೆಯನ್ನು ತೊಗರಿ ಕಾಳೇ ಕಲಿಸುತ್ತದೆ. ಕೈಹಿಡಿದು ಬಸದಿ, ಮಠ, ಮಸೀದಿಗಳನ್ನು ಒಟ್ಟಿಗೆ ಕಂಡ ಮಕ್ಕಳು ನಾಳೆ ಒಬ್ಬರನ್ನೊಬ್ಬರು ಪರಕೀಯರೆಂದು ಕಾಣಲಾರರು.

ಪಂಚಾಯತಿ ವಾರಕ್ಕೊಂದು ದಿನ ಹೆಚ್ಚುವರಿ ಕೈಗಳನ್ನು ಒದಗಿಸಲಿ. ತಾಯಂದಿರು, ಅಜ್ಜಿಯರು ಜೊತೆಗೂಡಲಿ. ‘ಎಬಿಸಿಡಿ ಬಂತೇ?’ ಎಂದು ಕೇಳುವ ಮೊದಲು, ‘ಇಂದು ಏನು ಕಂಡೆ?’ ಎಂದು ಕೇಳೋಣ.