ಬುಗುಡಿ ಚುಚ್ಚಿಸುವ ಮುನ್ನ

ನಮ್ಮಜ್ಜಿಯ ಎರಡೂ ಕಿವಿಗಳ ಮೇಲಂಚಿನಲ್ಲಿ ಒಂದೊಂದು ತೂತಿತ್ತು. ಬುಗುಡಿ ಯಾವ ಕಾಲಕ್ಕೋ ಗಿರವಿ ಅಂಗಡಿ ಸೇರಿತ್ತು, ತೂತು ಮಾತ್ರ ಕೊನೆಯವರೆಗೂ ಉಳಿಯಿತು. ಆ ಜಾಗಕ್ಕೆ ಈಗಿನ ಹುಡುಗಿಯರು ‘ಹೆಲಿಕ್ಸ್’ ಎನ್ನುತ್ತಾರೆ. ಹೋದ ವರ್ಷ ನನ್ನ ತಂಗಿಯ ಮಗಳು ಬಲಗಿವಿಗೆ ಅಲ್ಲೇ ಚುಚ್ಚಿಸಿಕೊಂಡು ಬಂದಳು. ನಾಲ್ಕನೆಯ ದಿನ ಕಿವಿ ಕೆಂಪಗೆ ಊದಿಕೊಂಡು, ದಿಂಬಿಗೆ ತಲೆ ಕೊಡಲಾಗದೆ ರಾತ್ರಿಯೆಲ್ಲ ಕೂತೇ ಕಳೆದಳು. “ಅಷ್ಟೊಂದು ತಯಾರಿ ಮಾಡ್ಕೊಂಡು ಹೋಗಿದ್ದೆ ದೊಡ್ಡಮ್ಮ” ಎಂದು ಅತ್ತಳು.

ಏನು ತಯಾರಿ ಎಂದು ಕೇಳಿದೆ. ಒಂದು ವಾರ ವಿಡಿಯೊ ನೋಡಿದ್ದಳಂತೆ. ಕೈ ಹಿಡಿದುಕೊಳ್ಳಲು ಗೆಳತಿಯನ್ನು ಕರೆದೊಯ್ದಿದ್ದಳು. ತಲೆ ಸುತ್ತಿ ಬೀಳಬಾರದೆಂದು ಹೊಟ್ಟೆ ತುಂಬ ತಿಂದು ಹೋಗಿದ್ದಳು (ಇದೊಂದು ಸರಿಯಾದ ಕೆಲಸ). ಅಷ್ಟೂ ನೋವಿಗಾಗಿ ಮಾಡಿಕೊಂಡ ಸಿದ್ಧತೆ. ನೋವಿದ್ದದ್ದು ಎರಡು ಸೆಕೆಂಡು. ಚುಚ್ಚುವ ಗಳಿಗೆಗೆ ಇಷ್ಟು ಅಂಜುವ ನಾವು ಅಲ್ಲಿಂದ ಶುರುವಾಗುವ ತಿಂಗಳುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ನನ್ನ ತಕರಾರು.

ಕಿವಿಯ ಹಾಲೆಯಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ; ಆರರಿಂದ ಎಂಟು ವಾರದಲ್ಲಿ ಗಾಯ ಮಾಯುತ್ತದೆ. ಮೇಲಂಚಿನೊಳಗೆ ಇರುವುದು ಮೃದ್ವಸ್ಥಿ. ಅದಕ್ಕೆ ಸ್ವಂತ ರಕ್ತನಾಳವಿಲ್ಲ, ಮೇಲೆ ಹೊದ್ದ ತೆಳು ಪೊರೆಯಿಂದಲೇ ಅದರ ಜೀವನ. ಹಾಗಾಗಿ ಅಲ್ಲಿ ಮಾಯಲು ಆರು ತಿಂಗಳಿಂದ ಒಂದು ವರ್ಷ ಬೇಕು. ಕೀವು ತುಂಬಿ ಪೊರೆ ಬೇರ್ಪಟ್ಟರೆ ಮೃದ್ವಸ್ಥಿ ಸತ್ತು ಕಿವಿಯೇ ಮುದುಡಿಹೋಗಬಹುದು. ಅಂಗಡಿಗಳ ಗನ್ನು ಮೊಂಡು ಕಡ್ಡಿಯನ್ನು ಸ್ಪ್ರಿಂಗಿನ ರಭಸದಲ್ಲಿ ಒಳಕ್ಕೆ ನುಗ್ಗಿಸುತ್ತದೆ; ಟೊಳ್ಳು ಸೂಜಿಯಾದರೆ ಕೊಯ್ದು ದಾರಿ ಮಾಡಿಕೊಳ್ಳುತ್ತದೆ. ಸೂಜಿಯನ್ನು ಆಟೊಕ್ಲೇವ್‌ನ 121 ಡಿಗ್ರಿ ಹಬೆಯಲ್ಲಿ ಬೇಯಿಸಬಹುದು. ಪ್ಲಾಸ್ಟಿಕ್ಕಿನ ಗನ್ನು ಅದನ್ನು ತಾಳದು, ಸ್ಪಿರಿಟ್ಟಿನಲ್ಲಿ ಒರೆಸಿ ಮುಂದಿನವರ ಕಿವಿಗೆ ಹಿಡಿಯುತ್ತಾರೆ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ ಏಳು ದಿನ ಬದುಕಿರಬಲ್ಲದು. “ನೋವಾಗುತ್ತಾ?” ಎಂದು ಕೇಳುವ ಮೊದಲು “ಯಾವುದರಲ್ಲಿ ಚುಚ್ತೀರಿ?” ಎಂದು ಕೇಳಬೇಕು. ಗನ್ನು ಎಂದರೆ, ರೇಟು ಎಷ್ಟೇ ಕಮ್ಮಿಯಿರಲಿ, ಎದ್ದು ಬರಬೇಕು.

ಹಿಂದಿನ ಕಾಲವೇ ಚೆನ್ನಾಗಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಅಜ್ಜಿಗೆ ಚುಚ್ಚಿದ ಆಚಾರಿ ಅದೇ ಮೊನೆಯಲ್ಲಿ ಕೇರಿಯ ಅಷ್ಟೂ ಮಕ್ಕಳಿಗೆ ಚುಚ್ಚಿದ್ದನಂತೆ. ಆದರೆ ಅಜ್ಜಿ ಇನ್ನೊಂದು ಮಾತೂ ಹೇಳುತ್ತಿದ್ದರು: “ಸುಗ್ಗಿ ಮುಗೀಲಿ ಅಂತ ಕಾದಿದ್ರು ಕಣೇ. ತಲೆ ಮೇಲೆ ಹುಲ್ಲಿನ ಹೊರೆ ಹೊರೋ ಕೆಲ್ಸ ಇರಬಾರ್ದು ಅಂತ.” ಮುಹೂರ್ತದ ಹೊಟ್ಟೆಯೊಳಗೆ ಇಂಥ ಲೆಕ್ಕವೂ ಇತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಕಿವಿ ಚುಚ್ಚುವುದನ್ನು ಕುರಿತದ್ದು. ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ಹಾಲೆಯನ್ನು ಬಿಸಿಲಿಗೆ ಹಿಡಿದು ಬೆಳಕು ತೂರುವ ಜಾಗ ನೋಡಿ ಚುಚ್ಚಬೇಕೆಂಬುದು ಬೇಗ ಮುಗಿಯುತ್ತದೆ. ಮೂರು ದಿನಕ್ಕೊಮ್ಮೆ ಬತ್ತಿ ಬದಲಿಸುವುದು, ಜಾಗ ತಪ್ಪಿದರೆ ಬರುವ ಬಾಧೆಗಳು, ಹರಿದ ಹಾಲೆಯನ್ನು ಜೋಡಿಸುವ ಹದಿನೈದು ಬಗೆ ಇವೆಲ್ಲ ಆಮೇಲಿನ ಮಾತು, ಅದೇ ಜಾಸ್ತಿ.

ಕೂಸುಗಳ ಕಿವಿ ಚುಚ್ಚಿಸುವುದಕ್ಕೆ ನಾನು ಅಡ್ಡ ಬರುವುದಿಲ್ಲ. ಆರು, ಹತ್ತು, ಹದಿನಾಲ್ಕನೆಯ ವಾರದ ಚುಚ್ಚುಮದ್ದು ಮುಗಿಯಲಿ, ಧನುರ್ವಾಯುವಿನ ಭಯ ಕಳೆಯಲಿ, ಅಷ್ಟೇ. ಅಲ್ಲಿ ಗಾಯ ಕಾಯಲು ಅಮ್ಮನೋ ಅಜ್ಜಿಯೋ ಇರುತ್ತಾರೆ. ಹತ್ತೊಂಬತ್ತರ ಹುಡುಗಿಯ ಗಾಯವನ್ನು ಅವಳೇ ಕಾಯಬೇಕು.

ನಮ್ಮವಳು ದಿನಾ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವವಳು. ಹೆಲ್ಮೆಟ್ ಹಾಕುವಾಗೊಮ್ಮೆ, ತೆಗೆಯುವಾಗೊಮ್ಮೆ ಒಳಗಿನ ಸ್ಪಂಜು ಸ್ಟಡ್ಡನ್ನು ಎಳೆಯುತ್ತಿತ್ತು. ಮಲಗುವುದೂ ಬಲಮಗ್ಗುಲಿಗೇ. ಹಿಂದಿನ ತಿರುಪನ್ನು ಅದೆಷ್ಟು ಬಿಗಿದಿದ್ದರೆಂದರೆ ಊದಿಕೊಳ್ಳಲು ಜಾಗವೇ ಇರಲಿಲ್ಲ. ಲೋಹ ಯಾವುದೆಂದು ಅಂಗಡಿಯವರಿಗೇ ಗೊತ್ತಿರಲಿಲ್ಲ; ನಿಕ್ಕಲ್ ಬೆರೆತದ್ದು ಎಷ್ಟೋ ಜನರ ಚರ್ಮಕ್ಕೆ ಆಗಿಬರುವುದಿಲ್ಲ, ಟೈಟಾನಿಯಂ ಒಗ್ಗುತ್ತದೆ. ಅಂಟಿಕೊಳ್ಳಬಾರದೆಂದು ಇವಳು ಗಂಟೆಗೊಮ್ಮೆ ಅದನ್ನು ತಿರುಗಿಸುತ್ತಿದ್ದಳು. ನನ್ನ ತಂಗಿ ಅದರ ಮೇಲೆ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಮೆತ್ತುತ್ತಿದ್ದಳು. ಕೈ ತೊಳೆದುಕೊಂಡು, ಮೆಡಿಕಲ್ ಶಾಪಿನ ಸಲೈನಿನಿಂದ ಒರೆಸಿ, ಸುಮ್ಮನೆ ಬಿಟ್ಟಿದ್ದರೆ ಸಾಕಿತ್ತು.

ಕಿವಿ ಡಾಕ್ಟರು ಕೀವು ತೆಗೆದು ಮಾತ್ರೆ ಕೊಟ್ಟರು. ಕಿವಿ ಉಳಿಯಿತು, ಹೆಸರುಕಾಳಿನಷ್ಟು ಗಂಟೂ ಉಳಿಯಿತು.

ಮೊನ್ನೆ ಬಂದಿದ್ದಳು. ಪರೀಕ್ಷೆ ಮುಗಿದ ಮೇಲೆ ಎಡಗಿವಿಗೆ ಚುಚ್ಚಿಸುತ್ತಾಳಂತೆ, ಸೂಜಿಯಲ್ಲಿ. “ಆರು ತಿಂಗಳು ಸ್ಕೂಟರ್ ಮುಟ್ಟಲ್ಲ ದೊಡ್ಡಮ್ಮ. ಹೇಗೂ ಬಸ್ಸು ಫ್ರೀ.”