ಮುಗಿಲಿನ ಅನಿಶ್ಚಯ, ಕಡತದ ಅನಿಶ್ಚಯ

ಕಾಲ ಕೆಟ್ಟಿತೆಂದು ಹಲುಬುವವರೂ, ಎಲ್ಲವೂ ಸರಿಹೋಗುವುದೆಂದು ಬೆನ್ನು ತಟ್ಟುವವರೂ ಎಲ್ಲ ಕಾಲದಲ್ಲಿಯೂ ಇದ್ದವರೇ. ಆದರೆ ಯುದ್ಧ, ವ್ಯಾಧಿ, ಬೆಲೆಯೇರಿಕೆ, ಹವೆಯ ವಿಪರ್ಯಯ ಇವುಗಳ ವಾರ್ತೆಯು ಕೈಯೊಳಗಿನ ಫೋನಿನಲ್ಲಿ ಗಳಿಗೆಗೊಮ್ಮೆ ಮೊಳಗುತ್ತಿರುವ ಈ ದಿನಗಳಲ್ಲಿ, ಭಯಪಡುವವರು ಹೆಚ್ಚಿದಷ್ಟೂ ಅವರಿಗೆ ಆಶಾವಾದವನ್ನು ಬೋಧಿಸುವವರೂ ಹೆಚ್ಚಿರುವಂತೆ ತೋರುತ್ತದೆ. ಬೋಧನೆಯೇ ತಪ್ಪೆಂದು ನಾನು ಹೇಳಲಾರೆ. ಎದುರಿಗಿರುವವನು ಯಾವ ಬಗೆಯ ಅನಿಶ್ಚಯದ ಮುಂದೆ ನಿಂತಿದ್ದಾನೆ, ಆ ಅನಿಶ್ಚಯವನ್ನು ತಂದವರು ಯಾರು ಎಂಬುದನ್ನು ವಿಚಾರಿಸದೆ ಎಲ್ಲರಿಗೂ ಒಂದೇ ಕಷಾಯವನ್ನು ಕುಡಿಸಹೊರಡುವುದು ಮಾತ್ರ ನನಗೆ ಒಪ್ಪಿಗೆಯಾಗದು.

ಈ ಬಗೆಯ ಅವಸರದ ಸಮಾಧಾನಕ್ಕೆ ಯುರೋಪಿನ ಇತಿಹಾಸದಲ್ಲೊಂದು ಪ್ರಸಿದ್ಧ ದೃಷ್ಟಾಂತವುಂಟು. ಭಗವಂತನು ಸೃಜಿಸಬಹುದಾಗಿದ್ದ ಲೋಕಗಳಲ್ಲೆಲ್ಲ ಈ ನಮ್ಮ ಲೋಕವೇ ಶ್ರೇಷ್ಠವೆಂದು ಜರ್ಮನಿಯ ದಾರ್ಶನಿಕ ಲೈಬ್ನಿಟ್ಸ್ ಪ್ರತಿಪಾದಿಸಿದ್ದನು. 1755ರ ನವೆಂಬರ್ 1ರಂದು ಲಿಸ್ಬನ್ ನಗರವು ಭೂಕಂಪಕ್ಕೂ, ಅದರ ಬೆನ್ನಿಗೇ ಬಂದ ಕಡಲಲೆಗೂ ಬೆಂಕಿಗೂ ಈಡಾಗಿ ಹಾಳಾದ ಮೇಲೆ, ವಾಲ್ಟೇರನು 1759ರಲ್ಲಿ ‘ಕಾಂದೀದ್’ ಎಂಬ ಕಿರುಕಾದಂಬರಿಯನ್ನು ಬರೆದು ಆ ಸಿದ್ಧಾಂತವನ್ನು ನಗೆಗೀಡು ಮಾಡಿದನು. ನಮಗೆ ಅಷ್ಟು ದೂರ ಹೋಗಬೇಕಾದ ಅವಶ್ಯಕತೆಯಿಲ್ಲ. ಕೂಡಲಸಂಗಮದವರೆಗೆ ಹೋದರೆ ಸಾಕು.

ಹುನಗುಂದ ತಾಲ್ಲೂಕಿನಲ್ಲಿ ಕೃಷ್ಣೆ ಮಲಪ್ರಭೆಯರು ಕೂಡುವ ಈ ಕ್ಷೇತ್ರಕ್ಕೆ ಬಸವಣ್ಣನವರು ಬಂದದ್ದು ಬಾಲ್ಯದಲ್ಲೊಮ್ಮೆ, ಅಂತ್ಯಕಾಲದಲ್ಲೊಮ್ಮೆ. ಬಾಗೇವಾಡಿಯ ಮನೆಯನ್ನು ತೊರೆದು ವಿದ್ಯಾರ್ಥಿಯಾಗಿ ಬಂದ ಮೊದಲ ಸಲ ಅವರ ಮುಂದೆ ಇಡೀ ಆಯುಷ್ಯವೇ ಇದ್ದಿತು. ಎರಡನೆಯ ಸಲ ಬಂದಾಗ ಅವರ ಹಿಂದೆ ಕಲ್ಯಾಣ ಉರಿಯುತ್ತಿದ್ದಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ನಡೆದ ವಿವಾಹದಿಂದ ರೊಚ್ಚಿಗೆದ್ದ ರಾಜಧಾನಿಯಲ್ಲಿ ಆ ಇಬ್ಬರು ತಂದೆಯರಿಗೂ ಘೋರ ಶಿಕ್ಷೆಯಾಯಿತೆಂದೂ, ಬಿಜ್ಜಳನ ಕೊಲೆಯಾಗಿ ಶರಣರು ದಿಕ್ಕುಪಾಲಾದರೆಂದೂ, ಚೆನ್ನಬಸವಣ್ಣನವರು ಉಳವಿಯತ್ತ ನಡೆದರೆಂದೂ ಸಂಪ್ರದಾಯವು ಹೇಳುತ್ತದೆ. ಹನ್ನೆರಡನೆಯ ಶತಮಾನದ ಆ ಗಳಿಗೆಯಲ್ಲಿ ಸಂಗಮದ ದಂಡೆಯ ಮೇಲೆ ನಿಂತು ಲೆಕ್ಕ ಹಾಕಿದವನು ಯಾವನೇ ಆಗಿರಲಿ, ಅನುಭವಮಂಟಪದ ಕಾರ್ಯವು ಸಂಪೂರ್ಣವಾಗಿ ಸೋತಿತೆಂದೇ ಬರೆದಿಡುತ್ತಿದ್ದನು. ಅಂದಿನ ಮಟ್ಟಿಗೆ ಅವನ ಲೆಕ್ಕದಲ್ಲಿ ತಪ್ಪನ್ನು ಹುಡುಕುವುದು ಕಷ್ಟ.

ಆ ಲೆಕ್ಕ ತಿದ್ದಿಹೋಗುವುದಕ್ಕೆ ಶತಮಾನಗಳು ಹಿಡಿದವು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಆಳಿಕೆಯ ಕಾಲದಲ್ಲಿ, ವಿರಕ್ತರು ಚದುರಿಹೋಗಿದ್ದ ವಚನಗಳನ್ನು ಕೂಡಿಹಾಕಿದರು, ‘ಶೂನ್ಯಸಂಪಾದನೆ’ ರೂಪುಗೊಂಡಿತು. ಆಮೇಲೆ ಮತ್ತೆ ಬಹುಕಾಲ ಆ ತಾಡವೋಲೆಗಳು ಮಠಮಾನ್ಯಗಳ ಪೆಟ್ಟಿಗೆಗಳಲ್ಲಿಯೂ ಮನೆಗಳ ಜಗಲಿಯ ಮೇಲೆಯೂ ಪೂಜೆಯನ್ನು ಕೈಕೊಳ್ಳುತ್ತ ಓದುಗರಿಲ್ಲದೆ ಕುಳಿತಿದ್ದವು. 1904ರಲ್ಲಿ ಬಿಜಾಪುರಕ್ಕೆ ವಕೀಲರಾಗಿ ಬಂದ ಧಾರವಾಡದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಅವುಗಳನ್ನು ಊರೂರು ತಿರುಗಿ ಸಂಗ್ರಹಿಸಿದರು; 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು; ಪರರ ಅಚ್ಚುಕೂಟವನ್ನು ನೆಚ್ಚಿ ಕೆಲಸ ಸಾಗದೆಂದು ಕಂಡು, ಇದ್ದ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು; ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಕೀಲಿಯಲ್ಲಿ ಹಣ ಮಾಡಬಹುದಾಗಿದ್ದ ಮನುಷ್ಯ ಬಡವರಾಗಿ 1964ರಲ್ಲಿ ತೀರಿಕೊಂಡರು.

ಇದರಿಂದ ‘ಸತ್ಕಾರ್ಯವು ಎಂದಿಗೂ ನಶಿಸದು’ ಎಂಬ ಸುಲಭ ಸಿದ್ಧಾಂತವನ್ನು ತೆಗೆಯುವವರೊಡನೆ ನನಗೆ ಜಗಳವಿದೆ. ಹುಳು ತಿಂದ ಓಲೆಗಳೆಷ್ಟು, ಹೊಳೆಗೆ ಹೋದ ಕಟ್ಟುಗಳೆಷ್ಟು ಎಂಬುದಕ್ಕೆ ಲೆಕ್ಕವಿಟ್ಟವರಿಲ್ಲ. ಉಳಿದವುಗಳನ್ನು ಮಾತ್ರ ನೋಡಿ ಉಳಿಯುವುದೇ ಲೋಕನಿಯಮವೆಂದರೆ ಅದು ಗೆದ್ದವರ ತರ್ಕವಾದೀತು. ವಚನಗಳು ತಮ್ಮ ಸತ್ತ್ವವೊಂದರಿಂದಲೇ ಉಳಿದುಬರಲಿಲ್ಲ. ಇಂಥವರು, ಇಂಥ ವರ್ಷದಲ್ಲಿ, ಇಷ್ಟು ಕಷ್ಟಪಟ್ಟು ಉಳಿಸಿದರೆಂದು ಹೆಸರು ಹಿಡಿದು ಹೇಳಬಹುದಾದ ಜನ ಇದ್ದುದರಿಂದ ಉಳಿದವು. ಆಶೆಗೆ ಯಾರಾದರೊಬ್ಬರು ಹೊಣೆಯಾಗಬೇಕಾಗುತ್ತದೆ.

ಸಂಗಮದ ಸುತ್ತಣ ಎರೆಯ ಸೀಮೆಯ ಒಕ್ಕಲಿಗನು ಈ ಹೊಣೆಯನ್ನು ಯಾವ ಗ್ರಂಥವನ್ನೂ ಓದದೆಯೇ ಹೊತ್ತವನು. ವರ್ಷದ ಮಳೆ ಸಾಮಾನ್ಯವಾಗಿ 600 ಮಿಲಿಮೀಟರನ್ನೂ ಮುಟ್ಟದ ನಾಡಿದು. ಅದೂ ಬರಬೇಕಾದಾಗ ಬಾರದೆ, ಬಂದರೆ ಒಡ್ಡು ಒಡೆಯುವಂತೆ ಬರುವ ಮಳೆ. ಆದುದರಿಂದ ಹುನಗುಂದದ ರೈತರು ಹೊಲಕ್ಕೆ ಅಡ್ಡಲಾಗಿ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗದಂತೆ ಕಲ್ಲಿನ ಕೋಡಿ ಕಟ್ಟಿ, ಬಿದ್ದ ಹನಿಯನ್ನು ನೆಲದ ಹೊಟ್ಟೆಯಲ್ಲಿ ಕೂಡಿಡುವ ಕ್ರಮವನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಉತ್ತರಿ, ಹಸ್ತ ಮಳೆಗಳ ಹಸಿಯನ್ನು ನೋಡಿ ಕೂರಿಗೆ ಹೂಡಿದರೆ, ಬಿಳಿಜೋಳವು ಆ ಹಸಿಯ ಮೇಲೆಯೂ ಚಳಿಗಾಲದ ಇಬ್ಬನಿಯ ಮೇಲೆಯೂ ಬೆಳೆದು ತೆನೆಗಟ್ಟುವುದು. ಜೋಳ ಕೈಕೊಟ್ಟರೂ ಕಡಲೆಯೋ ಕುಸುಬೆಯೋ ಮನೆಯ ಮಾನವನ್ನು ಕಾಯಲೆಂದು ಅಕ್ಕಡಿ ಸಾಲುಗಳನ್ನು ಬಿಡುವುದುಂಟು. ಎಳ್ಳ ಅಮಾವಾಸ್ಯೆಯ ದಿನ ಸಜ್ಜೆರೊಟ್ಟಿ, ಪುಂಡಿಪಲ್ಲೆ, ಶೇಂಗಾಹೋಳಿಗೆಗಳ ಬುತ್ತಿಯೊಡನೆ ಬಂಡಿ ಹೂಡಿಕೊಂಡು ಹೋಗಿ ಹೊಲದಲ್ಲಿ ಚರಗ ಚೆಲ್ಲುತ್ತಾರಲ್ಲ, ಆಗ ಪೈರು ಇನ್ನೂ ನಿಂತೇ ಇರುತ್ತದೆ. ರಾಶಿಯಾಗುವುದಕ್ಕೆ ವಾರಗಳು ಬೇಕು, ನಡುವೆ ಏನು ಬೇಕಾದರೂ ಆಗಬಹುದು. ಫಲ ಕೈಗೆ ಬರುವ ಮೊದಲೇ ಭೂಮಿಗೆ ಉಣಿಸಿ, ನೆರೆಯವರಿಗೂ ಉಣಬಡಿಸಿ ಬರುವ ಈ ಜನಕ್ಕೆ ಆಶಾವಾದವನ್ನು ಕಲಿಸಹೊರಡುವವರ ಧೈರ್ಯವನ್ನು ಮೆಚ್ಚಬೇಕು!

ನದಿಯ ವಿಷಯದಲ್ಲಿಯೂ ಹೀಗೆಯೇ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಹಿನ್ನೀರು ಸಂಗಮವನ್ನು ಆವರಿಸಿದಾಗ ಬಸವಣ್ಣನವರ ಐಕ್ಯಮಂಟಪವನ್ನು ನೀರಿಗೆ ಬಿಡಲಿಲ್ಲ. ಸುತ್ತಲೂ ಬಾವಿಯಂತೆ ಕಾಂಕ್ರೀಟಿನ ಗೋಡೆಯನ್ನೆಬ್ಬಿಸಿದರು, ಯಾತ್ರಿಕರು ಇಂದು ಮೆಟ್ಟಿಲಿಳಿದು ಹೊಳೆಯ ಮಟ್ಟಕ್ಕಿಂತ ಕೆಳಗೆ ಹೋಗಿ ದರ್ಶನ ಮಾಡುತ್ತಾರೆ. 2009ರ ಅಕ್ಟೋಬರಿನಲ್ಲಿ ಅಕಾಲದ ಮಳೆಗೆ ಮಲಪ್ರಭೆಯ ದಂಡೆಯ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. 2019ರ ಆಗಸ್ಟಿನಲ್ಲಿ ಅದೇ ಹೊಳೆ ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನು ಹೊಕ್ಕಿತು. ಪ್ರತಿ ಸಲವೂ ಜನ ನೀರಿಳಿದೊಡನೆ ಕೆಸರನ್ನು ಹೊರಹಾಕಿ ಒಲೆ ಹೊತ್ತಿಸಿದರು.

ಮುಗಿಲು ತರುವ ಅನಿಶ್ಚಯವೆಂದರೆ ಇದು. ಇದಕ್ಕೆ ದ್ವೇಷವಿಲ್ಲ, ಪಕ್ಷಪಾತವಿಲ್ಲ, ವಾಯಿದೆಯೂ ಇಲ್ಲ. ಆದುದರಿಂದಲೇ ಇದನ್ನು ಎದುರಿಸಲು ಒಡ್ಡು, ಅಕ್ಕಡಿ, ಗೋಡೆ, ನೆರೆಹೊರೆ ಎಂಬ ಉಪಾಯಗಳನ್ನು ಮನುಷ್ಯನು ಕಂಡುಕೊಂಡಿದ್ದಾನೆ. ಆದರೆ ಇದೇ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಅನಿಶ್ಚಯವುಂಟು. ಅದು ಹುಟ್ಟುವುದು ಕಚೇರಿಯಲ್ಲಿ, ಬೆಳೆಯುವುದು ಕಡತದಲ್ಲಿ. ಅದರ ಮುಂದೆ ಎಂಥ ಧೀರನ ಆಶೆಯೂ ಬಾಡುತ್ತದೆ.

ಸಂಗಮದ ಮೇಲ್ದಿಕ್ಕಿನಲ್ಲಿರುವ ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟದ್ದು 1964ರ ಮೇ 22ರಂದು, ತಾವು ಪ್ರಧಾನಿಯಾಗುವುದಕ್ಕೆ ಕೆಲವೇ ದಿನಗಳ ಹಿಂದೆ. ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ನಡುವೆ ನಲವತ್ತೆರಡು ವರ್ಷ. ಅಷ್ಟರಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಘಟಪ್ರಭೆಯ ಹಿನ್ನೀರಿಗೆ ಹೋಗಿ, ಅಂಗಡಿಬೀದಿಗಳ ಹೆಸರಿನಿಂದ ಗುರುತಾಗುತ್ತಿದ್ದ ಜನರು ನವನಗರದ ಸೆಕ್ಟರುಗಳ ಅಂಕಿಗಳಿಂದ ಗುರುತಾಗತೊಡಗಿದರು. ಅದು ಮುಗಿಯಿತೆ? ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು 2010ರ ಡಿಸೆಂಬರ್ 30ರಂದು ಒಪ್ಪಿಗೆಯನ್ನಿತ್ತಿತು; 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನು ರಾಜಪತ್ರದಲ್ಲಿ ಪ್ರಕಟಿಸದಂತೆ ತಡೆಯಿತು; 2013ರಲ್ಲಿ ನ್ಯಾಯಾಧಿಕರಣದ ಮುಂದಿನ ವರದಿಯೂ ಬಂದಿತು. ಅಂದಿನಿಂದ, ಮಟ್ಟ ಏರಿದರೆ ಮುಳುಗುವುವೆಂದು ಗುರುತಾದ ಊರುಗಳ ಜನ ಊರಲ್ಲಿದ್ದೂ ಊರಿಲ್ಲದವರಾಗಿದ್ದಾರೆ.

ಅವರ ಸ್ಥಿತಿಯನ್ನು ತುಸು ಊಹಿಸಿಕೊಳ್ಳಿ. ಮುಳುಗಡೆಯಾಗುವ ಊರೆಂದ ಮೇಲೆ ಮನೆಗೆ ಹೊಸ ಮಾಡು ಹಾಕಿಸಬೇಕೆ, ಬೇಡವೆ? ಬಾವಿ ತೋಡಿಸಿದರೆ ಅದರ ಬೆಲೆ ಪರಿಹಾರದಲ್ಲಿ ಬಂದೀತೆ? ಮುಳುಗುವ ಊರಿಗೆ ಶಾಲೆಯ ಕೋಣೆಯೇಕೆ, ರಸ್ತೆಯೇಕೆ ಎಂದು ಅಧಿಕಾರಿ ಕೇಳಿದರೆ ಆತನಿಗೆ ಏನೆಂದು ಉತ್ತರ ಹೇಳಬೇಕು? ಅಂಥ ಊರಿಗೆ ಹೆಣ್ಣು ಕೊಡಲು ಬೀಗರು ಹಿಂದೆಮುಂದೆ ನೋಡಿದರೆ ತಪ್ಪೇನು? ಮಳೆಯಾದರೆ ಹಸ್ತದಲ್ಲಿ ಬಾರದಿದ್ದರೂ ಚಿತ್ತಿಯಲ್ಲಿ ಬಂದೀತೆಂದು ಕಾಯಬಹುದು. ಆದೇಶ ಯಾವ ನಕ್ಷತ್ರದಲ್ಲಿ ಬರುವುದೆಂದು ಪಂಚಾಂಗದಲ್ಲಿ ಬರೆದಿಲ್ಲ. ತಂದೆಯ ಕಾಲದಲ್ಲಿ ಆರಂಭವಾದ ಕಾಯುವಿಕೆಯು ಮಗನ ಪಾಲಿಗೆ ಪಿತ್ರಾರ್ಜಿತ ಆಸ್ತಿಯಂತೆ ಬಂದಿದೆ.

2009ರ ನೆರೆಯ ತರುವಾಯ ‘ಆಸರೆ’ ಎಂಬ ಹೆಸರಿನಲ್ಲಿ ಎತ್ತರದ ನೆಲದಲ್ಲಿ ಸಾಲುಮನೆಗಳನ್ನು ಕಟ್ಟಿದರಷ್ಟೆ. ಅವುಗಳಲ್ಲಿ ಹಲವು ವರ್ಷಗಟ್ಟಲೆ ಬರಿದಾಗಿ ನಿಂತವು. ಕೊಟ್ಟ ಮನೆಗೂ ಹೋಗಲೊಲ್ಲದ ಜನವೆಂದು ದೂರುವವರಿದ್ದಾರೆ; ಹೊಲ ಒಂದು ಕಡೆ, ಮನೆ ಇನ್ನೊಂದು ಕಡೆಯಾದರೆ ದನವನ್ನು ಎಲ್ಲಿ ಕಟ್ಟುವುದು, ಮೇವನ್ನು ಎಲ್ಲಿ ಒಟ್ಟುವುದು ಎಂದು ಒಕ್ಕಲುತನ ಬಲ್ಲವರನ್ನು ಕೇಳಿದ್ದರೆ ದೂರುವ ಪ್ರಸಂಗವೇ ಬರುತ್ತಿರಲಿಲ್ಲ. ಇಳಕಲ್ಲಿನ ನೇಕಾರರದೂ ಇದಕ್ಕೆ ಹತ್ತಿರದ ಕಥೆಯೇ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವ ಅವರ ಕೌಶಲಕ್ಕೆ ಭೌಗೋಳಿಕ ಗುರುತಿನ ಮನ್ನಣೆಯಿದೆ, ಕೈಮಗ್ಗಕ್ಕೆಂದು ಕೆಲವು ಬಟ್ಟೆಗಳನ್ನು ಕಾದಿರಿಸಿದ 1985ರ ಕಾಯಿದೆಯೂ ಇದೆ. ಪೇಟೆಯಲ್ಲಿ ವಿದ್ಯುನ್ಮಗ್ಗದ ಅನುಕರಣೆಗಳು ಇಳಕಲ್ಲಿನ ಹೆಸರಿನಲ್ಲಿಯೇ ಮಾರಾಟವಾಗುತ್ತಿರುವುದೂ ಇದೆ.

ಆಶಾವಾದವು ವ್ಯಕ್ತಿಯ ಸ್ವಭಾವದ ಗುಣವೆಂದು ಬಗೆಯುವುದು ಇಂದಿನ ರೂಢಿಯಾಗಿದೆ. ಮನಸ್ಸನ್ನು ಹದಗೊಳಿಸಿಕೊಂಡರೆ ಅದು ತಾನಾಗಿ ಮೂಡುವುದಂತೆ. ಕೂಡಲಸಂಗಮದ ಪರಿಸರವನ್ನು ನೋಡಿದವನಿಗೆ ಈ ಅಭಿಪ್ರಾಯದಲ್ಲಿ ಅರ್ಧ ಸತ್ಯವೇ ಕಾಣುವುದು. ಮುಗಿಲಿನ ಮುಂದೆ ತಲೆಯೆತ್ತಿ ನಿಲ್ಲುವಷ್ಟು ಸ್ಥೈರ್ಯ ಇಲ್ಲಿಯ ಮನಸ್ಸಿಗೆ ಬೇಕಾದಷ್ಟಿದೆ. ಕೊರತೆಯಿರುವುದು ನಾಳೆಯ ದಿನವನ್ನು ಗೊತ್ತುಮಾಡಿ ಹೇಳಬಲ್ಲ ಅಧಿಕಾರವುಳ್ಳವರ ಮಾತಿನಲ್ಲಿ. ಮೊದಲನೆಯ ಬಗೆಯ ಅನಿಶ್ಚಯವನ್ನು ಸಹಿಸುವುದು ಧೈರ್ಯ. ಎರಡನೆಯದನ್ನು ಸಹಿಸಿರೆಂದು ಜನರಿಗೆ ಹೇಳುವುದು, ನನ್ನ ದೃಷ್ಟಿಯಲ್ಲಿ, ಅನ್ಯಾಯಕ್ಕೆ ಒತ್ತಾಸೆ ಕೊಟ್ಟಂತೆ.

ಆದುದರಿಂದ ಆಳುವವರಲ್ಲಿ, ಪಕ್ಷಭೇದವಿಲ್ಲದೆ, ಒಂದು ಪ್ರಾರ್ಥನೆ. ಮುಳುಗಡೆಗೆ ಗುರುತಾದ ಪ್ರತಿಯೊಂದು ಊರಿನ ಹೆಸರನ್ನೂ, ಅದರ ಭೂಮಿಗೆ ಹಣ ಸಲ್ಲುವ ವರ್ಷವನ್ನೂ, ಜನರು ಸ್ಥಳಾಂತರವಾಗಬೇಕಾದ ತಿಂಗಳನ್ನೂ ಬರೆದು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿರಿ. ನ್ಯಾಯಾಲಯದ ತಡೆಯಿಂದ ವರ್ಷ ಹೇಳಲಾಗದಿದ್ದರೆ, ಅಲ್ಲಿಯವರೆಗೆ ಶಾಲೆಯನ್ನೂ ರಸ್ತೆಯನ್ನೂ ನಿಲ್ಲಿಸುವುದಿಲ್ಲವೆಂದೂ, ಮನೆಯ ದುರಸ್ತಿಗೆ ಹಾಕಿದ ಹಣವನ್ನು ಪರಿಹಾರದಲ್ಲಿ ಎಣಿಸುವೆವೆಂದೂ ಲಿಖಿತವಾಗಿ ಕೊಡಿರಿ. ಪುನರ್ವಸತಿಯ ನಿವೇಶನವನ್ನು ಗೊತ್ತುಮಾಡುವ ಮೊದಲು ದನವುಳ್ಳವರನ್ನೂ ನೀರು ಹೊರುವ ಹೆಂಗಸರನ್ನೂ ಕೇಳಿರಿ.