ಬಸುರಿಯ ಬಿ.ಪಿ., ಥೈರಾಯ್ಡ್ ಮತ್ತು ಸೆಲೆನಿಯಂ

ಬಿ.ಪಿ. ಏರಿ ಎಂಟನೇ ತಿಂಗಳಲ್ಲೇ ಹೆರಿಗೆ ಮಾಡಿಸಬೇಕಾಗಿ ಬಂದ ಸಹೋದರಿಯೊಬ್ಬರು ಕೇಳಿದ್ದಾರೆ: “ಈಗ ಥೈರಾಯ್ಡ್ ಪರೀಕ್ಷೆಯೂ ಮಾಡಿಸಬೇಕಂತೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಸೆಲೆನಿಯಂ ಮಾತ್ರೆ ಒಳ್ಳೆಯದು ಎನ್ನುತ್ತಾರೆ, ಹೌದೇ?”

ಸಂಬಂಧ ಉಂಟು. ಬಸುರಿನ 20 ವಾರಗಳ ನಂತರ ಬಿ.ಪಿ. 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅಥವಾ ಲಿವರ್, ಕಿಡ್ನಿಗೆ ತೊಂದರೆಯಾದರೆ ಅದು ಪ್ರಿ-ಎಕ್ಲಾಂಪ್ಸಿಯಾ. ರಕ್ತ ಸಾಲದೆ ಸೊರಗಿದ ಮಾಸು ಒಂದು ಬಗೆಯ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ; ಅದು ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಥೈರಾಯ್ಡ್ ಗ್ರಂಥಿಯಲ್ಲಿ ಅಂಥ ನಾಳಗಳು ಬಹಳ. 2009ರಲ್ಲಿ ಅಮೆರಿಕ ಮತ್ತು ನಾರ್ವೆಯ ತಾಯಂದಿರ ಅಧ್ಯಯನವೊಂದು ಪ್ರಕಟವಾಯಿತು. ಈ ಕಾಯಿಲೆ ಬಂದವರಲ್ಲಿ ಟಿ.ಎಸ್.ಎಚ್. ಹೆಚ್ಚು ಏರಿತ್ತು, ವರ್ಷಗಳ ನಂತರವೂ ಥೈರಾಯ್ಡ್ ಮಂದವಾಗಿರುವ ಸಂಭವ ಅವರಲ್ಲಿ ಹೆಚ್ಚಿತ್ತು. ಆದ್ದರಿಂದ ಪರೀಕ್ಷೆ ತಪ್ಪಿಸಬೇಡಿ.

ಇನ್ನು ಸೆಲೆನಿಯಂ. ಗ್ರಂಥಿಯಿಂದ ಹೆಚ್ಚಾಗಿ ಹೊರಡುವುದು ಟಿ4 ಹಾರ್ಮೋನು. ಅದು ಟಿ3 ಆದ ಮೇಲೆಯೇ ಪೂರ್ತಿ ಕೆಲಸ. ಹಾಗೆ ಮಾಡುವ ಕಿಣ್ವಗಳಿಗೆ ಸೆಲೆನಿಯಂ ಬೇಕು. 2003ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕಾಲಿನ ಉಗುರು ಪರೀಕ್ಷಿಸಿದಾಗ, ಪ್ರಿ-ಎಕ್ಲಾಂಪ್ಸಿಯಾ ಬಂದವರಲ್ಲಿ ಸೆಲೆನಿಯಂ ಕಡಿಮೆ ಕಂಡಿತು. ಹಾಗೆಂದು ಮಾತ್ರೆ ನುಂಗಿದರೆ ಕಾಯಿಲೆ ಬಾರದು ಎನ್ನಲು ಗಟ್ಟಿ ಆಧಾರವಿಲ್ಲ. ಮಿತಿ ಮೀರಿದರೆ ಕೂದಲು ಉದುರುತ್ತದೆ, ಉಗುರು ಮುರಿಯುತ್ತದೆ. ಆ ದುಡ್ಡಿಗೆ ಬೂತಾಯಿ, ಬಂಗುಡೆ, ಮೊಟ್ಟೆ ತನ್ನಿ. ತಪಸ್ಸು ಕಾಲದ ಉಪವಾಸದಿಂದ ಗರ್ಭಿಣಿಯರಿಗೆ ವಿನಾಯಿತಿ ಇದೆ. ಅತ್ತೆಯಂದಿರೂ ಇದನ್ನು ಓದಲಿ!

ನಾನು ಹೆಚ್ಚು ಕಾಣುವ ತಪ್ಪು ಬೇರೆ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮೂರನ್ನೂ ಬೆಳಿಗ್ಗೆ ಒಟ್ಟಿಗೆ ನುಂಗುವುದು. ಹಾಗೆ ಮಾಡಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ಅದನ್ನು ಖಾಲಿ ಹೊಟ್ಟೆಗೆ ತೆಗೆದುಕೊಂಡು, ಉಳಿದೆರಡಕ್ಕೆ ನಾಲ್ಕು ಗಂಟೆ ಬಿಡಿ.

ಮತ್ತೆ ಬಸುರಾದರೆ ಮೊದಲ ಭೇಟಿಯಲ್ಲೇ ಹಿಂದಿನ ಕಥೆ ಹೇಳಿ. 12 ವಾರವಾದ ಮೇಲೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡಬೇಕೇ ಎಂದು ಡಾಕ್ಟರರು ನಿರ್ಧರಿಸುತ್ತಾರೆ. ನೀವಾಗಿ ಕೊಂಡು ತಿನ್ನಬೇಡಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಮುಖ ಊದುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಹೆರಿಗೆಯಾದ ಮೇಲೆಯೂ, ಆರು ವಾರದವರೆಗೆ, ಇದೇ ಎಚ್ಚರ ಬೇಕು.